ಪದ ಪರಿಚಯ: ಜೀನಿಯಾ

ಬೇಸಿಗೆಯ ಅಂಗಳಕ್ಕೆ ಬಣ್ಣ ತುಂಬುವ ಈ ಹೂವಿನ ಹೆಸರಿನಲ್ಲಿ ಒಬ್ಬ ವೈದ್ಯನಿದ್ದಾನೆ. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತ, ಸಸ್ಯೋದ್ಯಾನವನ್ನೂ ನೋಡಿಕೊಳ್ಳುತ್ತಿದ್ದ ಯೋಹಾನ್ ಗಾಟ್‌ಫ್ರೀಡ್ ಜಿನ್. ಮನುಷ್ಯನ ಕಣ್ಣಿನ ರಚನೆಯನ್ನು ವಿವರಿಸಿದ ಅವನ ಗ್ರಂಥ 1755ರಲ್ಲಿ ಬಂತು. ಕಣ್ಣಿನ ಮಸೂರವನ್ನು ಹಿಡಿದಿಡುವ ನವಿರು ಎಳೆಗಳಿಗೆ ವೈದ್ಯರು ಇಂದಿಗೂ ಅವನ ಹೆಸರನ್ನೇ ಹೇಳುತ್ತಾರೆ. 1759ರಲ್ಲಿ, 31ರ ಹರೆಯದಲ್ಲೇ ಅವನು ತೀರಿಕೊಂಡ. ಅದೇ ವರ್ಷ ಸಸ್ಯವಿಜ್ಞಾನಿ ಲಿನೇಯಸ್ ಈ ಅಮೆರಿಕ ಮೂಲದ ಕುಲಕ್ಕೆ ‘ಜಿನ್ನಿಯಾ’ ಎಂದು ಹೆಸರಿಟ್ಟ. ಇಷ್ಟು ಬೇಗ ಹೋದವನಿಗೆ ಇದಕ್ಕಿಂತ ಚೆಂದದ ಸ್ಮಾರಕ ನನಗೆ ತೋಚುವುದಿಲ್ಲ.

ಕನ್ನಡದಲ್ಲಿ ಜಿನ್ನಿಯಾ, ಝಿನ್ನಿಯಾ ಎಂದೂ ಬರೆಯುವುದುಂಟು. ನಾಲಿಗೆಗೆ ಒಗ್ಗಿದ್ದು ಜೀನಿಯಾ. ಸೇವಂತಿಗೆ, ಸೂರ್ಯಕಾಂತಿಗಳ ಬಳಗದ್ದೇ ಆದ್ದರಿಂದ, ಒಂದು ಹೂವೆಂದು ಕಾಣುವುದು ನಿಜಕ್ಕೂ ಹತ್ತಾರು ಪುಟ್ಟ ಹೂಗಳ ಗೊಂಚಲು. ಬೆಳೆಸುವುದಾದರೆ, ಬೀಜವನ್ನು ನೇರ ಬಿಸಿಲಿರುವ ಮಡಿಗೇ ಹಾಕಿ, ಸಸಿ ಗೇಣುದ್ದವಾದಾಗ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ. ನೀರು ಬುಡಕ್ಕೆ ಮಾತ್ರ ಹಾಕಿ. ಗಿಡಗಳನ್ನು ಒತ್ತೊತ್ತಾಗಿ ಬೆಳೆಸಿದರೆ ಎಲೆಗೆ ಬೂದಿರೋಗ ಬರುತ್ತದೆ. ಬಾಡಿದ ಹೂ ಕತ್ತರಿಸುತ್ತಿದ್ದರೆ ಹೊಸ ಮೊಗ್ಗು ಬರುತ್ತಲೇ ಇರುತ್ತವೆ, ಚಿಟ್ಟೆಗಳೂ.