ಮನೆಯ ನುಡಿ, ಶಾಲೆಯ ನುಡಿ

ಹಿರಿಯ ತಲೆಮಾರು ಕಿರಿಯರನ್ನು ಸಮಾಜಜೀವನಕ್ಕೆ ಕ್ರಮಬದ್ಧವಾಗಿ ಅಣಿಗೊಳಿಸುವ ಕಾರ್ಯವೇ ಶಿಕ್ಷಣವೆಂದು ಫ್ರಾನ್ಸಿನ ಎಮಿಲ್ ಡರ್ಕ್‌ಹೈಮರು (1858–1917) ಪ್ರತಿಪಾದಿಸಿದರು. ಶಿಕ್ಷಣದ ಸಮಾಜಶಾಸ್ತ್ರಕ್ಕೆ ಇದೊಂದು ಮುಖ್ಯ ತಳಹದಿ. ಆದರೆ ಒಂದೇ ಪಾಠವನ್ನು ಕೇಳಿದ ಮಕ್ಕಳಲ್ಲಿ ಶ್ರಮಿಕರ ಮಕ್ಕಳೇ ಹೆಚ್ಚಾಗಿ ಹಿಂದುಳಿಯುವುದೇಕೆ? 1944ರ ಶಿಕ್ಷಣ ಶಾಸನವು ಇಂಗ್ಲೆಂಡಿನ ಸರಕಾರಿ ಪ್ರೌಢಶಾಲೆಗಳಲ್ಲಿ ಶುಲ್ಕವನ್ನು ತೆಗೆದುಹಾಕಿತು. ಶುಲ್ಕ ಹೋದರೂ ಅಂತರ ಹೋಗಲಿಲ್ಲ.

ಇದಕ್ಕೆ ಉತ್ತರವನ್ನು ಭಾಷೆಯಲ್ಲಿ ಅರಸಿದವರು ಬೇಸಿಲ್ ಬರ್ನ್‌ಸ್ಟೈನರು (1924–2000). 1950ರ ದಶಕದಲ್ಲಿ ಅವರು ಲಂಡನ್ನಿನಲ್ಲಿ ಅಂಚೆ ಇಲಾಖೆಯ ಓಲೆಕಾರ ಹುಡುಗರಿಗೆ ಪಾಠ ಹೇಳುತ್ತಿದ್ದರು. ಆ ಹುಡುಗರಲ್ಲಿ ಅನೇಕರು ಚಿತ್ರ, ಆಕೃತಿಗಳ ಪರೀಕ್ಷೆಯಲ್ಲಿ ಚುರುಕಾಗಿದ್ದು, ಮಾತಿನ ಪರೀಕ್ಷೆಯಲ್ಲಿ ಮಾತ್ರ ಬಹಳ ಹಿಂದೆ ಬೀಳುತ್ತಿದ್ದರು. ಈ ವೈಷಮ್ಯದಿಂದಲೇ ಅವರ ‘ಸೀಮಿತ ಸಂಹಿತೆ’, ‘ವಿಸ್ತೃತ ಸಂಹಿತೆ’ ಎಂಬ ಪರಿಕಲ್ಪನೆಗಳು ರೂಪುಗೊಂಡವು. ಇದು ಕುಂದಾಪುರದ ಕನ್ನಡ, ಧಾರವಾಡದ ಕನ್ನಡ ಎಂಬಂಥ ಪ್ರಾದೇಶಿಕ ಭೇದವಲ್ಲ. ಕೇಳುವವನಿಗೆ ಸಂದರ್ಭ ತಿಳಿದೇ ಇದೆಯೆಂದು ನಂಬಿ ಆಡುವ ಮಾತು ಮೊದಲನೆಯದು. ಏನೂ ಅರಿಯದವನಿಗೆ ಎಲ್ಲವನ್ನೂ ಬಿಡಿಸಿ ಹೇಳುವ ಮಾತು ಎರಡನೆಯದು. ಶಾಲೆ ಬಯಸುವುದು ಎರಡನೆಯದನ್ನು.

ಅವರ ಸಹೋದ್ಯೋಗಿ ಪೀಟರ್ ಹಾಕಿನ್ಸರು ಐದು ವರ್ಷದ ಮಕ್ಕಳ ಮುಂದೆ ನಾಲ್ಕು ಚಿತ್ರಗಳನ್ನಿಟ್ಟು ಕಥೆ ಹೇಳಿಸಿದರು. ಹುಡುಗರು ಚೆಂಡಾಡುತ್ತಾರೆ, ಚೆಂಡು ಕಿಟಕಿಯ ಗಾಜನ್ನು ಒಡೆಯುತ್ತದೆ, ಹಿರಿಯರು ಗದರುತ್ತಾರೆ. ಮಧ್ಯಮವರ್ಗದ ಮಕ್ಕಳು ಹುಡುಗ, ಚೆಂಡು, ಕಿಟಕಿ ಎಂದು ಹೆಸರಿಟ್ಟು ಹೇಳುವುದು ಹೆಚ್ಚು; ಶ್ರಮಿಕರ ಮಕ್ಕಳು ಅವನು, ಅದು, ಅಲ್ಲಿ ಎನ್ನುವುದು ಹೆಚ್ಚು. ಎರಡನೆಯ ಕಥೆ ಚಿತ್ರವಿಲ್ಲದೆ ಅರ್ಥವಾಗದು, ನಿಜ. ಆದರೆ ಚಿತ್ರ ಇಬ್ಬರ ಎದುರಿಗೂ ಇದ್ದಾಗ ‘ಅವನು’ ಎಂದರೆ ಸಾಲದೇ? ಕಣ್ಣೆದುರಿನ ವಸ್ತುವನ್ನೂ ಹೆಸರಿಟ್ಟು ವರ್ಣಿಸಬೇಕೆಂಬುದು ಶಾಲೆಯ ಸಂಪ್ರದಾಯವೇ ಹೊರತು ಬುದ್ಧಿಯ ಅಳತೆಗೋಲಲ್ಲ.

ಅಮೆರಿಕದಲ್ಲಿ ಈ ವಿಚಾರ ಬೇರೆಯೇ ಬಣ್ಣ ತಳೆಯಿತು. ಬಡ ಕಪ್ಪುಜನರ ಮಕ್ಕಳಿಗೆ ಭಾಷೆಯೇ ಇಲ್ಲವೆಂದು ಕೆಲವು ಮನೋವಿಜ್ಞಾನಿಗಳು ಸಾರಿದರು. ಭಾಷಾಶಾಸ್ತ್ರಜ್ಞ ವಿಲಿಯಂ ಲಬಾವ್ ಅವರು 1969ರಲ್ಲಿ ಇದನ್ನು ಖಂಡಿಸಿದರು. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಎಂಟು ವರ್ಷದ ಬಾಲಕನೊಬ್ಬನು ಸಂದರ್ಶಕನ ಪ್ರಶ್ನೆಗಳಿಗೆ ಒಂದೆರಡು ಪದಗಳಲ್ಲಷ್ಟೇ ಉತ್ತರಿಸುತ್ತಿದ್ದನು. ಸಂದರ್ಶಕನೂ ಹಾರ್ಲೆಮ್ಮಿನಲ್ಲೇ ಬೆಳೆದ ಕಪ್ಪುಮನುಷ್ಯನೆಂಬುದು ಗಮನಾರ್ಹ. ಮುಂದಿನ ಬಾರಿ ಅದೇ ಸಂದರ್ಶಕನು ಬಾಲಕನ ಗೆಳೆಯನನ್ನೂ ಆಲೂಗೆಡ್ಡೆಯ ಚಿಪ್ಸನ್ನೂ ತಂದು, ನೆಲದ ಮೇಲೆ ಕುಳಿತು ಮಾತಿಗೆ ತೊಡಗಿದನು. ಮೂಕನಂತಿದ್ದ ಬಾಲಕ ಈಗ ಗೆಳೆಯನೊಡನೆ ಪೈಪೋಟಿಗೆ ಬಿದ್ದು ಮಾತನಾಡಿದನು. ಕೊರತೆಯಿದ್ದುದು ಮಗುವಿನಲ್ಲಲ್ಲ, ಪರೀಕ್ಷಿಸುವ ಸನ್ನಿವೇಶದಲ್ಲಿ.

ಲಬಾವರ ಟೀಕೆಯ ಒಂದು ಪಾಲು ಬರ್ನ್‌ಸ್ಟೈನರಿಗೂ ತಗುಲಿತು. ಅದು ಪೂರ್ಣ ನ್ಯಾಯವೆನ್ನಲಾಗದು; ಅವರ ಆರಂಭದ ಲೇಖನಗಳ ಅಸ್ಪಷ್ಟತೆ ಅದಕ್ಕೆ ಎಡೆಗೊಟ್ಟಿತೆಂಬುದೂ ಸುಳ್ಳಲ್ಲ. ಮಗುವನ್ನು ಭಾಷಾವಂಚಿತವೆಂದು ಕರೆದು ‘ಪರಿಹಾರ ಶಿಕ್ಷಣ’ ನೀಡಹೊರಡುವ ನೀತಿಯನ್ನು 1970ರಲ್ಲಿ ಅವರೇ ಪ್ರತಿಭಟಿಸಿದರು. ಸರಿಯಾದ ಶಿಕ್ಷಣವನ್ನೇ ಇನ್ನೂ ಕೊಡದಿರುವಾಗ ಪರಿಹಾರದ ಮಾತೆಲ್ಲಿಯದು ಎಂಬುದು ಅವರ ವಾದದ ತಿರುಳು. ಆದರೂ ‘ಕೊರತೆಯ ಸಿದ್ಧಾಂತಿ’ ಎಂಬ ಹಣೆಪಟ್ಟಿ ಅವರಿಗೆ ಅಂಟಿಯೇ ಉಳಿಯಿತು. ಸಂಹಿತೆಯ ವಿಚಾರವನ್ನು ತಿದ್ದಿ ಬೆಳೆಸುವ ಕೆಲಸವನ್ನು ಅವರು ಕಡೆಯವರೆಗೂ ಬಿಡಲಿಲ್ಲ.