ರಿಕಿ, ಜಾರ್ಜ್

1907–2002. ಅಮೆರಿಕದ ಶಿಲ್ಪಿ. ಗಾಳಿಗೆ ಚಲಿಸುವ ಸ್ಟೇನ್‌ಲೆಸ್ ಸ್ಟೀಲಿನ ಅಮೂರ್ತ ಶಿಲ್ಪಗಳಿಗೆ ಪ್ರಸಿದ್ಧ. ಹುಟ್ಟಿದ್ದು ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ, ಬೆಳೆದದ್ದು ಸ್ಕಾಟ್ಲೆಂಡಿನಲ್ಲಿ. ಅಜ್ಜ ಗಡಿಯಾರ ತಯಾರಕ. ತಂದೆ ಸಿಂಗರ್ ಹೊಲಿಗೆಯಂತ್ರ ಕಂಪನಿಯ ಎಂಜಿನಿಯರ್. ಆದರೂ ಈತ ಆಕ್ಸ್‌ಫರ್ಡಿನಲ್ಲಿ ಓದಿದ್ದು ಇತಿಹಾಸ, ಪ್ಯಾರಿಸ್ಸಿನಲ್ಲಿ ಕಲಿತದ್ದು ಚಿತ್ರಕಲೆ. ಎರಡನೆಯ ಮಹಾಯುದ್ಧದಲ್ಲಿ ಸೇನೆಯ ವಿಮಾನದಳ ಸೇರಿದಾಗ ಯಂತ್ರಗಳ ಒಡನಾಟ ಮರಳಿ ದೊರೆಯಿತು. ಶಿಲ್ಪದತ್ತ ತಿರುಗಿದ್ದು ಆಮೇಲೆ.

ರಿಕಿಯ ಕೃತಿಗಳಲ್ಲಿ ಮೋಟಾರು ಇಲ್ಲ. ನೀಳವಾದ ಉಕ್ಕಿನ ಅಲಗುಗಳು ಅಕ್ಕಸಾಲಿಗನ ತಕ್ಕಡಿಯ ದಂಡದಂತೆ ಹರಿತ ಅಂಚಿನ ಆಧಾರದ ಮೇಲೆ ಕೂತಿರುತ್ತವೆ. ಅಲಗಿನ ಗಿಡ್ಡ ತುದಿಯಲ್ಲಿ ಸೀಸದ ಪ್ರತಿಭಾರ. ಗುರುತ್ವ ಕೇಂದ್ರವು ಆಧಾರಬಿಂದುವಿನಿಂದ ತುಸುವೇ ಕೆಳಗಿರುವಂತೆ ತೂಗಿಸುವುದರಿಂದ ಸಣ್ಣ ಗಾಳಿಗೂ ಅಲಗು ವಾಲುತ್ತದೆ, ನಿಧಾನವಾಗಿ ಹಿಂದಿರುಗುತ್ತದೆ. ಬಿರುಗಾಳಿಯಲ್ಲೂ ಒಂದಕ್ಕೊಂದು ತಾಗದಂತೆ ಅವುಗಳ ಹಾದಿಯನ್ನು ಲೆಕ್ಕಹಾಕಿರಲಾಗುತ್ತದೆ. ಇನ್ನೊಬ್ಬ ಶಿಲ್ಪಿ ಕಾಲ್ಡರನ ತೂಗುಶಿಲ್ಪಗಳ ಪ್ರಭಾವ ಆರಂಭದಲ್ಲಿ ಸ್ಪಷ್ಟ. ಆದರೆ ಕಾಲ್ಡರನ ಲವಲವಿಕೆ ಇಲ್ಲಿಲ್ಲ, ಇರುವುದು ಗಡಿಯಾರದ ಮನೆತನಕ್ಕೆ ತಕ್ಕ ಶಿಸ್ತು. ರಿಕಿಗೆ ಆಕಾರಕ್ಕಿಂತ ಚಲನೆಯೇ ಮುಖ್ಯ. ಅಲಗುಗಳನ್ನು ಬೇಕೆಂದೇ ಸರಳವಾಗಿಟ್ಟ.

ನ್ಯೂಯಾರ್ಕ್ ರಾಜ್ಯದ ಈಸ್ಟ್ ಚಾಥಮ್‌ನಲ್ಲಿ ಈತನ ಕಾರ್ಯಾಗಾರವಿತ್ತು. 1967ರಲ್ಲಿ ರಚನಾವಾದವೆಂಬ ಕಲಾಪಂಥದ ಇತಿಹಾಸ ಕುರಿತ ಗ್ರಂಥ ಪ್ರಕಟಿಸಿದ. 1964ರ 'ಟೂ ಲೈನ್ಸ್ – ಟೆಂಪೊರಲ್ 1' ಅತ್ಯಂತ ಹೆಸರಾದ ಕೃತಿ. ಸುಮಾರು 35 ಅಡಿ ಎತ್ತರದ ಈ ಜೋಡಿ ಅಲಗು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಸಂಗ್ರಹದಲ್ಲಿದೆ.