ಸಾಲದ ಮೇಲೆ ಕಟ್ಟಿದ ಸುಧಾರಣೆ: ಆಟೊಮನ್ ಸಾಮ್ರಾಜ್ಯದ ಕೊನೆಯ ಶತಮಾನ

1786ರಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ಟೀಪು ಸುಲ್ತಾನನ ರಾಯಭಾರಿಗಳು ಹಡಗೇರಿ, ಮಸ್ಕತ್ ಮತ್ತು ಬಸ್ರಾ ಮಾರ್ಗವಾಗಿ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟರು. ಕೊಲ್ಲಿ ನಾಡುಗಳಲ್ಲಿ ನೆಲೆಸಿರುವ ನಮಗೆ ಈ ಊರುಗಳ ಹೆಸರು ಚಿರಪರಿಚಿತ. ಆ ರಾಯಭಾರಿಗಳು ಬೇಡಿದ್ದು ಇಂಗ್ಲಿಷರ ವಿರುದ್ಧ ಬೆಂಬಲ, ವ್ಯಾಪಾರದ ಸವಲತ್ತು ಮತ್ತು ನುರಿತ ಕುಶಲಕರ್ಮಿಗಳನ್ನು. ರೋಗಕ್ಕೂ ಹಡಗು ದುರಂತಕ್ಕೂ ಅನೇಕರನ್ನು ಕಳೆದುಕೊಂಡು ಅವರು 1787ರಲ್ಲಿ ರಾಜಧಾನಿ ತಲುಪಿದರು. ಅದೇ ವರ್ಷ ಆಟೊಮನ್ನರಿಗೂ ರಷ್ಯಾಕ್ಕೂ ಯುದ್ಧ ಆರಂಭವಾಯಿತು. ಬ್ರಿಟನ್ನಿನ ವಿರೋಧ ಕಟ್ಟಿಕೊಳ್ಳುವ ಸ್ಥಿತಿಯಲ್ಲಿ ಆಟೊಮನ್ ಆಸ್ಥಾನ ಇರಲಿಲ್ಲ. 1798ರಲ್ಲಿ ಸುಲ್ತಾನ ಮೂರನೆಯ ಸಲೀಂ, ಫ್ರೆಂಚರ ಸಖ್ಯ ತೊರೆಯಬೇಕೆಂದು ಟೀಪುವಿಗೆ ಪತ್ರ ಬರೆದನು. ಆ ಪತ್ರ ಶ್ರೀರಂಗಪಟ್ಟಣ ತಲುಪಿದ್ದು ಇಂಗ್ಲಿಷರ ಮೂಲಕವೇ!

ಒಂದು ಮಹಾಸಾಮ್ರಾಜ್ಯದ ಅಸಹಾಯಕತೆಯನ್ನು ತಿಳಿಯಲು ಈ ಪ್ರಸಂಗವೊಂದೇ ಸಾಕು. ಆದರೆ ಆಟೊಮನ್ನರು ಕೈಕಟ್ಟಿ ಕುಳಿತಿದ್ದರೆಂದು ಭಾವಿಸಿದರೆ ಅದು ಇತಿಹಾಸಕ್ಕೆ ಮಾಡುವ ಅನ್ಯಾಯ. ಸಲೀಂ ಯುರೋಪಿನ ಮಾದರಿಯಲ್ಲಿ ಹೊಸ ಸೈನ್ಯವನ್ನು ಕಟ್ಟಿದನು. ಹಳೆಯ ಜಾನಿಸರಿ ಪಡೆ 1807ರಲ್ಲಿ ದಂಗೆಯೆದ್ದು ಅವನನ್ನು ಪದಚ್ಯುತಗೊಳಿಸಿತು. ಮರುವರ್ಷ ಅವನ ಕೊಲೆಯಾಯಿತು. ಆ ಪಾಠವನ್ನು ಮರೆಯದ ಎರಡನೆಯ ಮಹಮೂದ್, 1826ರಲ್ಲಿ ಜಾನಿಸರಿ ಪಡೆಯನ್ನೇ ನಿರ್ಮೂಲಗೊಳಿಸಿದನು. 1839ರ ನವೆಂಬರ್ 3ರಂದು ಗುಲ್‌ಹಾನೆ ಉದ್ಯಾನದಲ್ಲಿ ಮುಸ್ತಫಾ ರಶೀದ್ ಪಾಷಾ ಓದಿದ ರಾಜಶಾಸನ ಪ್ರಜೆಗಳ ಪ್ರಾಣ, ಮಾನ, ಆಸ್ತಿಗಳಿಗೆ ಅಭಯ ನೀಡಿತು. ‘ತಂಝಿಮಾತ್’ ಎಂದು ಹೆಸರಾದ ಸುಧಾರಣಾ ಯುಗ ಹೀಗೆ ಆರಂಭವಾಯಿತು. ಹೊಸ ನ್ಯಾಯಾಲಯಗಳು, ಶಾಲೆಗಳು, ತಂತಿ ಸಂಪರ್ಕ, ಕೊನೆಗೆ 1876ರಲ್ಲಿ ಸಂವಿಧಾನವೂ ಬಂದಿತು.

ಹಾಗಿದ್ದರೆ ಸಾಮ್ರಾಜ್ಯ ಕುಸಿದದ್ದೇಕೆ? ಉತ್ತರದ ಒಂದು ಭಾಗ ಶಾಸನಗಳಲ್ಲಿಲ್ಲ, ಬೊಕ್ಕಸದಲ್ಲಿದೆ.

ಗುಲ್‌ಹಾನೆ ಶಾಸನಕ್ಕೆ ಒಂದು ವರ್ಷ ಮೊದಲು, 1838ರಲ್ಲಿ, ಬ್ರಿಟನ್ನಿನೊಡನೆ ಬಾಲ್ಟಾ ಲಿಮಾನ್ ಒಪ್ಪಂದವಾಗಿತ್ತು. ಅದರ ಪ್ರಕಾರ ಸರ್ಕಾರಿ ಏಕಸ್ವಾಮ್ಯಗಳು ರದ್ದಾದವು. ಆಮದು ಸರಕಿನ ಮೇಲಿನ ಸುಂಕ ಒಟ್ಟು ಶೇ. 5ಕ್ಕೆ ಸೀಮಿತವಾಯಿತು, ರಫ್ತಿನ ಮೇಲೆ ಶೇ. 12 ಬಿದ್ದಿತು. ವಿದೇಶಿ ವರ್ತಕನಿಗೆ ಒಳನಾಡಿನ ಸುಂಕಗಳಿಂದ ಮುಕ್ತಿ ದೊರೆಯಿತು. ಸ್ವದೇಶಿ ವರ್ತಕ ಮಾತ್ರ ಅವನ್ನು ತೆರುತ್ತಲೇ ಇದ್ದನು. ಮ್ಯಾಂಚೆಸ್ಟರಿನ ಯಂತ್ರದ ಬಟ್ಟೆಯೆದುರು ಕೈಮಗ್ಗದ ನೇಕಾರನನ್ನು ಕಾಯಬಲ್ಲ ಅಸ್ತ್ರವನ್ನು ಸರ್ಕಾರ ತಾನೇ ಒಪ್ಪಿಸಿಬಿಟ್ಟಿತ್ತು. ಮುಂದೆ ಸುಂಕವನ್ನು ಏರಿಸಬೇಕಾದಾಗಲೆಲ್ಲ ಯುರೋಪಿನ ಸಮ್ಮತಿಗಾಗಿ ಕಾಯಬೇಕಾಯಿತು.

ದೋಷವೆಲ್ಲ ಹೊರಗಿನದೇ ಆಗಿರಲಿಲ್ಲ. ಭೂಕಂದಾಯದ ವಸೂಲಿಯನ್ನು ಗುತ್ತಿಗೆದಾರರಿಂದ ಬಿಡಿಸಿ ಸಂಬಳದ ಅಧಿಕಾರಿಗಳಿಗೆ ವಹಿಸುವ ಪ್ರಯತ್ನ 1840ರಲ್ಲಿ ನಡೆಯಿತು. ಆದಾಯ ಕುಸಿದುದರಿಂದ 1842ರಲ್ಲೇ ಗುತ್ತಿಗೆ ಪದ್ಧತಿ ಮರಳಿತು. ರೈತ ಕೊಟ್ಟದ್ದಕ್ಕೂ ಬೊಕ್ಕಸಕ್ಕೆ ಬಂದದ್ದಕ್ಕೂ ನಡುವೆ ಸೋರಿಕೆ ಮುಂದುವರಿಯಿತು. ಹೊಸ ಸೈನ್ಯಕ್ಕೂ ಹೊಸ ಆಡಳಿತಕ್ಕೂ ಹಣ ಬೇಕು. ಸುಂಕ ಏರಿಸುವಂತಿಲ್ಲ, ಕಂದಾಯ ಕೈಸೇರುವುದಿಲ್ಲ. ಉಳಿದ ದಾರಿ ಸಾಲ.

ಕ್ರಿಮಿಯಾ ಯುದ್ಧದ ನಡುವೆ, 1854ರಲ್ಲಿ, ಮೊದಲ ವಿದೇಶಿ ಸಾಲವನ್ನು ಎತ್ತಲಾಯಿತು. ಅನಂತರ ಹಳೆಯ ಸಾಲ ತೀರಿಸಲು ಹೊಸ ಸಾಲ. ಯುದ್ಧನೌಕೆಗಳಿಗೂ ಅರಮನೆಗಳಿಗೂ ಹಣ ಹರಿಯಿತು. ಕಾರ್ಖಾನೆಗಳಿಗೆ ಉಳಿದದ್ದು ಅತ್ಯಲ್ಪ. 1875ರಲ್ಲಿ ಸರ್ಕಾರ ಬಡ್ಡಿಯನ್ನು ಪೂರ್ತಿಯಾಗಿ ಕೊಡಲಾಗದೆ ಕೈಚೆಲ್ಲಿತು. 1881ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ಸಾಲ ಆಡಳಿತ ಮಂಡಳಿಯಲ್ಲಿ ಯುರೋಪಿನ ಸಾಲಿಗರ ಪ್ರತಿನಿಧಿಗಳದೇ ಮೇಲುಗೈ. ಉಪ್ಪು, ರೇಷ್ಮೆ, ಮದ್ಯ, ಮೀನುಗಾರಿಕೆ, ಮುದ್ರಾಂಕ ಮುಂತಾದವುಗಳ ಆದಾಯ ನೇರವಾಗಿ ಆ ಮಂಡಳಿಗೆ ಸಂದಿತು. ಅದೇ 1881ರಲ್ಲಿ ಮೈಸೂರು ಒಡೆಯರ ಕೈಗೆ ಮರಳಿತಾದರೂ, ವಾರ್ಷಿಕ ಪೊಗದಿಯ ಹೊರೆ ಅದರ ಹೆಗಲಿನಿಂದ ಇಳಿಯಲಿಲ್ಲ. ಸಂದರ್ಭ ಬೇರೆಯಾದರೂ ನಾಡಿನ ದುಡಿಮೆಯ ಒಂದು ಪಾಲು ಮೊದಲೇ ಹೊರಗೆ ಹೋಗುವ ಏರ್ಪಾಡು ನಮ್ಮ ಹಿರಿಯರಿಗೂ ಹೊಸದಲ್ಲ.

ಇಲ್ಲಿ ಜಪಾನಿನ ನೆನಪಾಗುವುದು ಸಹಜ. ಅದಕ್ಕೂ ಕಡಿಮೆ ಸುಂಕದ ಅಸಮಾನ ಒಪ್ಪಂದಗಳ ಸಂಕೋಲೆಯಿತ್ತು. ಆದರೆ 1873ರ ಭೂಕಂದಾಯ ಸುಧಾರಣೆಯಿಂದ ಅದು ತನ್ನದೇ ಸ್ಥಿರ ಆದಾಯವನ್ನು ಕಂಡುಕೊಂಡಿತು. ಆ ಭಾರ ಹೊತ್ತವರು ಜಪಾನಿನ ರೈತರೆಂಬುದನ್ನೂ ಮರೆಯಬಾರದು. 1911ರ ಹೊತ್ತಿಗೆ ಸುಂಕದ ಪೂರ್ಣ ಹಕ್ಕನ್ನೂ ಅದು ಮರಳಿ ಪಡೆಯಿತು.

ಆಟೊಮನ್ನರಿಗೂ ಸ್ವಂತ ಬಲದಲ್ಲಿ ನಿಲ್ಲುವ ಶಕ್ತಿ ಇರಲಿಲ್ಲವೆಂದಲ್ಲ. 1900ರಲ್ಲಿ ಆರಂಭವಾಗಿ 1908ರಲ್ಲಿ ಡಮಾಸ್ಕಸ್‌ನಿಂದ ಮದೀನಾ ಮುಟ್ಟಿದ ಹಿಜಾಝ್ ರೈಲುಮಾರ್ಗವನ್ನು ವಿದೇಶಿ ಸಾಲವಿಲ್ಲದೆ ಕಟ್ಟಲಾಯಿತು. ಭಾರತದ ಮುಸ್ಲಿಮರೂ ಅದಕ್ಕೆ ದೇಣಿಗೆ ನೀಡಿದ್ದರು. ಆದರೆ ಅಷ್ಟರಲ್ಲಿ ಹೊತ್ತು ಮೀರಿತ್ತು. ಮೊದಲ ಮಹಾಯುದ್ಧದ ಸೋಲಿನ ಬಳಿಕ 1922ರಲ್ಲಿ ಸುಲ್ತಾನಗಿರಿಯೇ ಕೊನೆಗೊಂಡಿತು.

ಸಾಮ್ರಾಜ್ಯ ಅಳಿದರೂ ಅದರ ಸಾಲ ಅಳಿಯಲಿಲ್ಲ. ತನ್ನ ಪಾಲಿಗೆ ಬಂದ ಸಾಲದ ಕೊನೆಯ ಕಂತನ್ನು ಟರ್ಕಿ ಗಣರಾಜ್ಯ ಪಾವತಿಸಿದ್ದು 1954ರಲ್ಲಿ, ಮೊದಲ ಸಾಲ ಎತ್ತಿದ ಸರಿಯಾಗಿ ನೂರು ವರ್ಷಗಳ ಅನಂತರ. ಸುಧಾರಣೆಯ ಸಂಕಲ್ಪ ಎಷ್ಟೇ ಪ್ರಾಮಾಣಿಕವಾಗಿರಲಿ, ಬೊಕ್ಕಸದ ಬೀಗದ ಕೈ ಅನ್ಯರ ಬಳಿಯಿದ್ದರೆ ಅದರ ಫಲವೂ ಅನ್ಯರದೇ ಆಗುತ್ತದೆ. ಅಂದು ಮೊಮ್ಮಕ್ಕಳ ಕಾಲದವರೆಗೂ ಆ ಬೆಲೆ ತೆತ್ತವರು ಒಪ್ಪಂದಗಳಿಗೆ ಸಹಿ ಹಾಕಿದವರಲ್ಲ. ಹೊಲದಲ್ಲೂ ಮಗ್ಗದ ಮುಂದೆಯೂ ದುಡಿದವರು.